ನೈನರ್ಸ್ ತಂಡದ ಅತಿ ದೊಡ್ಡ ಆಟಗಾರ ಯಾರು? ನನ್ನ ಉತ್ತರ: ಜೆರ್ರಿ ರೈಸ್

ನೀವು ಹೊಸದಾಗಿ ಸಾಂಟಾ ಕ್ಲಾರಾಗೆ ಬಂದಿದ್ದೀರಿ. ಆಫೀಸಿನಲ್ಲಿ ಸೋಮವಾರ ಬಂತೆಂದರೆ ಎಲ್ಲರೂ ನೈನರ್ಸ್ ಬಗ್ಗೆಯೇ ಮಾತಾಡುತ್ತಾರೆ. ಅಮೆರಿಕನ್ ಫುಟ್‌ಬಾಲ್ ಆಡುವ ಈ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಇತಿಹಾಸದಲ್ಲಿ ದೊಡ್ಡ ಆಟಗಾರರು ಯಾರು, ಅವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅಂತ ಕೇಳಿದ್ದೀರಿ. ಇದಕ್ಕೆ ಬೇರೆಯವರು ಜೋ ಮೊಂಟಾನಾ ಎಂದು ಹೇಳಬಹುದು. ತಪ್ಪಲ್ಲ. ಆದರೆ ನಾನು ಜೆರ್ರಿ ರೈಸ್ ಎನ್ನುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನೂ ಕ್ರಿಕೆಟ್ ಮಾತ್ರ ಗೊತ್ತಿದ್ದು ಇಲ್ಲಿಗೆ ಬಂದವನು. ಈ ಆಟವನ್ನು ನನಗೆ ಕಲಿಸಿದ್ದು ನಮ್ಮ ಪಕ್ಕದ ಮನೆಯ ಹಿರಿಯರು. ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ತಂಡ ಆಡುತ್ತಿದ್ದ ಕಾಲದಿಂದ ನೋಡಿಕೊಂಡು ಬಂದವರು. ಅದು ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯ ದಡದಲ್ಲೇ ಇದ್ದ ಮೈದಾನ. ಚಳಿಗಾಳಿ ಎಲುಬಿಗೆ ತಾಗುತ್ತಿತ್ತಂತೆ. ನಿಮ್ಮ ಊರಲ್ಲೇ ಇರುವ ಲೀವೈಸ್ ಸ್ಟೇಡಿಯಂಗೆ ತಂಡ ಬಂದಿದ್ದು 2014ರಲ್ಲಿ. ಗೆದ್ದ ಐದು ಸೂಪರ್ ಬೌಲ್‌ಗಳೂ (ಸೀಸನ್‌ನ ಫೈನಲ್ ಪಂದ್ಯ) ಕ್ಯಾಂಡಲ್‌ಸ್ಟಿಕ್ ಕಾಲದವು.

ಮೊದಲು ರೈಸ್ ಎಲ್ಲಿಂದ ಬಂದರು ಅಂತ ಕೇಳಿ. ಮಿಸಿಸಿಪ್ಪಿ ರಾಜ್ಯದ ಒಂದು ಸಣ್ಣ ಊರು, ಹುಟ್ಟಿದ್ದು 1962. ಅಪ್ಪ ಇಟ್ಟಿಗೆ ಕೆಲಸದ ಮೇಸ್ತ್ರಿ. ಬೇಸಿಗೆ ರಜೆಯಲ್ಲಿ ಮಕ್ಕಳೆಲ್ಲ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದರು. ಅಣ್ಣತಮ್ಮಂದಿರು ಕೆಳಗಿಂದ ಇಟ್ಟಿಗೆ ಎಸೆಯಬೇಕು, ಜೆರ್ರಿ ಮೇಲೆ ನಿಂತು ಹಿಡಿಯಬೇಕು. ನಮ್ಮಲ್ಲಿ ಮನೆ ಕಟ್ಟುವಾಗ ಕೆಳಗಿನವರು ಎಸೆದ ಇಟ್ಟಿಗೆಯನ್ನು ಮೇಲಿನವರು ಹಿಡಿದುಕೊಳ್ಳುವುದನ್ನು ನೋಡಿದ್ದೀರಿ ಅಲ್ವಾ? ಗಟ್ಟಿಯಾಗಿ ಹಿಡಿಯಲು ಹೋದರೆ ಅಂಗೈ ಕಿತ್ತು ಬರುತ್ತದೆ. ಇಟ್ಟಿಗೆ ಬರುವ ದಿಕ್ಕಿಗೇ ಕೈಯನ್ನು ಸ್ವಲ್ಪ ಹಿಂದೆ ಬಿಟ್ಟು ಹಿಡಿಯಬೇಕು. ರೈಸ್ ಕ್ಯಾಚ್ ಹಿಡಿಯುವುದನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಚೆಂಡು ಕೈಗೆ ಬಡಿದ ಹಾಗೆ ಕಾಣುವುದೇ ಇಲ್ಲ.

ದೊಡ್ಡ ಕಾಲೇಜುಗಳು ಅವರನ್ನು ಕರೆಯಲಿಲ್ಲ. ಓದಿದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜು. ನೈನರ್ಸ್ ಕೋಚ್ ಬಿಲ್ ವಾಲ್ಷ್ ಹೋಟೆಲ್ ಕೋಣೆಯ ಟಿವಿಯಲ್ಲಿ ಅವರ ಆಟ ನೋಡಿ ಮನಸೋತರು. 1985ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಮೇಲಿನ ಸ್ಥಾನ ಪಡೆಯಲು ಬೇರೆ ತಂಡದ ಜೊತೆ ವ್ಯವಹಾರ ಮಾಡಿ 16ನೇ ಆಯ್ಕೆಯಾಗಿ ತೆಗೆದುಕೊಂಡರು. ಮೊದಲ ವರ್ಷ ರೈಸ್ ಎಷ್ಟೋ ಸುಲಭದ ಚೆಂಡುಗಳನ್ನು ಕೈಬಿಟ್ಟರು. ಸ್ವಂತ ಮೈದಾನದಲ್ಲೇ ಜನ ಕೂಗಿ ಗೇಲಿ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧ ಒಂದೇ ರಾತ್ರಿ ಚೆಂಡು ಹಿಡಿದು ತಂಡವನ್ನು 241 ಯಾರ್ಡ್ (ಗಜ) ಮುಂದೆ ಒಯ್ದರು. ಆಮೇಲೆ ಗೇಲಿ ಮಾಡುವವರು ಉಳಿಯಲಿಲ್ಲ.

ಇಲ್ಲಿ ಆಟದ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ರೈಸ್ ದೊಡ್ಡತನ ಅರ್ಥವಾಗುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ, ರಿಸೀವರ್ ಓಡಿ ಹೋಗಿ ಹಿಡಿಯುತ್ತಾನೆ. ಮೊಂಟಾನಾ ಎಸೆಯುವವರು, ರೈಸ್ ಹಿಡಿಯುವವರು. ಆಗಿನ ಹೆಚ್ಚಿನ ತಂಡಗಳು ಚೆಂಡು ಹಿಡಿದುಕೊಂಡು ಓಡುವುದನ್ನೇ ನಂಬಿದ್ದವು. ಎಸೆದರೆ ದೂರಕ್ಕೆ ಎಸೆಯುತ್ತಿದ್ದವು. ವಾಲ್ಷ್ ಬೇರೆ ದಾರಿ ಹಿಡಿದರು. ಐದು, ಎಂಟು, ಹತ್ತು ಯಾರ್ಡ್ ದೂರದ ಸಣ್ಣ ಎಸೆತಗಳು. ರಿಸೀವರ್ ಎಷ್ಟನೇ ಹೆಜ್ಜೆಗೆ ತಿರುಗುತ್ತಾನೆ ಅನ್ನುವುದು ಎಸೆಯುವವನಿಗೆ ಮೊದಲೇ ಗೊತ್ತಿರಬೇಕು. ಅವನು ಓಡುತ್ತಿರುವಾಗಲೇ ಚೆಂಡು ಕೈಗೆ ಬರಬೇಕು. ಉಳಿದದ್ದು ಹಿಡಿದ ಮೇಲಿನ ಓಟ. ಇದಕ್ಕೆ ವೆಸ್ಟ್ ಕೋಸ್ಟ್ ಅಫೆನ್ಸ್ ಎಂಬ ಹೆಸರು ಬಂತು.

ಈಗ ರೈಸ್ ಅಭ್ಯಾಸದ ಬಗ್ಗೆ ಕೇಳಿ. ಪ್ರಾಕ್ಟೀಸ್‌ನಲ್ಲಿ ಐದು ಯಾರ್ಡ್ ಚೆಂಡು ಹಿಡಿದರೆ ಬೇರೆಯವರು ಅಲ್ಲೇ ನಿಂತು ವಾಪಸ್ ಎಸೆಯುತ್ತಿದ್ದರು. ರೈಸ್ ಹಾಗಲ್ಲ. ಪ್ರತಿ ಸಲ, ಹಿಡಿದ ಜಾಗದಿಂದ ಮೈದಾನದ ಕೊನೆಯ ಎಂಡ್ ಝೋನ್‌ವರೆಗೆ ಪೂರ್ತಿ ಓಡುತ್ತಿದ್ದರು. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ. ಹಿಡಿದ ಮೇಲೆ ಓಡುವುದೇ ತಂಡದ ಜೀವಾಳ ಆಗಿರುವಾಗ, ಆ ಓಟವನ್ನು ದಿನಕ್ಕೆ ಎಷ್ಟೋ ಸಲ ಓಡಿದವನು ಪಂದ್ಯದ ದಿನ ಯಾರ ಕೈಗೆ ಸಿಗುತ್ತಾನೆ ಹೇಳಿ.

ರಜೆಯ ತಿಂಗಳುಗಳಲ್ಲಿ ಅವರು ಗುಡ್ಡ ಹತ್ತಿ ಓಡುತ್ತಿದ್ದರು. ಆ ಗುಡ್ಡ ನಿಮ್ಮ ಮನೆಯಿಂದ ದೂರವೇನಲ್ಲ. ಸ್ಯಾನ್ ಕಾರ್ಲೋಸ್ ಹತ್ತಿರದ ಎಜ್‌ವುಡ್ ಪಾರ್ಕ್. ಸುಮಾರು ಎರಡೂವರೆ ಮೈಲಿ ದಾರಿ. ಜೊತೆಗೆ ಇರುತ್ತಿದ್ದವರು ರೋಜರ್ ಕ್ರೇಗ್. 1985ರಲ್ಲಿ ಒಂದೇ ಸೀಸನ್‌ನಲ್ಲಿ ಓಟದಲ್ಲಿ ಸಾವಿರ ಯಾರ್ಡ್, ಕ್ಯಾಚ್‌ಗಳಲ್ಲಿ ಸಾವಿರ ಯಾರ್ಡ್ ಗಳಿಸಿದ ಮೊದಲ ಆಟಗಾರ ಅವರು. ನಾನು ಆ ದಾರಿಯಲ್ಲಿ ತುಂಬ ಸಲ ನಡೆದಿದ್ದೇನೆ. ನಡೆದರೇ ಉಸಿರು ಕಟ್ಟುವ ಏರು. ಅದನ್ನು ಓಡಿ ಹತ್ತುವುದು, ಅದೂ ವರ್ಷ ವರ್ಷ, ಮೊದಲೇ ಪ್ರಪಂಚದ ಒಳ್ಳೆಯ ಆಟಗಾರ ಎನಿಸಿಕೊಂಡ ಮೇಲೂ! ನನಗೆ ಅವರ ಮೇಲೆ ಗೌರವ ಬೆಳೆದದ್ದು ಟಿವಿ ನೋಡಿ ಅಲ್ಲ, ಆ ಗುಡ್ಡದಲ್ಲಿ.

ಲೆಕ್ಕ ನೋಡಿ. ವೃತ್ತಿಜೀವನದಲ್ಲಿ 1,549 ಕ್ಯಾಚ್, 22,895 ಯಾರ್ಡ್. ಅಂದರೆ ಎದುರಾಳಿಗಳು ಬೀಳಿಸಲು ಬೆನ್ನು ಹತ್ತಿರುವಾಗ ಸುಮಾರು 21 ಕಿಲೋಮೀಟರ್ ಮುಂದೆ ಸಾಗಿದ ಹಾಗೆ. ಎರಡನೇ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492ಕ್ಕೆ ನಿಂತರು. ಮಧ್ಯೆ 5,400 ಯಾರ್ಡ್ ಅಂತರ. ಬೇರೆ ಯಾವ ಆಟದಲ್ಲೂ ಮೊದಲನೆಯವನಿಗೂ ಎರಡನೆಯವನಿಗೂ ಇಷ್ಟು ದೂರ ಕಾಣುವುದು ಅಪರೂಪ. 1987ರಲ್ಲಿ ಆಟಗಾರರ ಮುಷ್ಕರದಿಂದ ಸೀಸನ್ ಮೊಟಕಾಯಿತು. ರೈಸ್ ಆಡಿದ್ದು 12 ಪಂದ್ಯ, ಹಿಡಿದ ಟಚ್‌ಡೌನ್ (ಎಂಡ್ ಝೋನ್‌ಗೆ ಚೆಂಡು ಮುಟ್ಟಿಸಿ ಅಂಕ ಗಳಿಸುವುದು) 22! ಆ ದಾಖಲೆ ಮುರಿಯಲು 20 ವರ್ಷ ಬೇಕಾಯಿತು, ಮುರಿದವರು ಪೂರ್ತಿ 16 ಪಂದ್ಯ ಆಡಿದ್ದರು.

ಈಗ ಮೊಂಟಾನಾ. ನಮ್ಮ ಪಕ್ಕದ ಮನೆಯವರ ವಾದ ತುಂಬ ಬಲವಾದದ್ದು. ರೈಸ್ ಬರುವ ಮೊದಲೇ ಮೊಂಟಾನಾ ಎರಡು ಸೂಪರ್ ಬೌಲ್ ಗೆದ್ದಿದ್ದರು ಅನ್ನುತ್ತಾರೆ ಅವರು. ನಿಜ. 1978ರಲ್ಲಿ ಈ ತಂಡ 2 ಪಂದ್ಯ ಗೆದ್ದು 14 ಸೋತಿತ್ತು. ವಾಲ್ಷ್ ಬಂದ 1979ರಲ್ಲೂ ಅದೇ 2 ಮತ್ತು 14. ಆ ವರ್ಷ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ, 82ನೇ ಆಯ್ಕೆಯಾಗಿ ಸಿಕ್ಕವರು ಮೊಂಟಾನಾ. ಎರಡೇ ವರ್ಷಕ್ಕೆ ತಂಡ ಚಾಂಪಿಯನ್.

ಆ ಸೂಪರ್ ಬೌಲ್‌ಗೆ ಹೋಗಲು ಗೆಲ್ಲಲೇಬೇಕಿದ್ದ, 1982ರ ಜನವರಿ 10ರ ಡಲ್ಲಾಸ್ ಕೌಬಾಯ್ಸ್ ವಿರುದ್ಧದ ಪಂದ್ಯದ ಬಗ್ಗೆ ನಿಮ್ಮ ಆಫೀಸಿನಲ್ಲಿ ಖಂಡಿತ ಕೇಳಿರುತ್ತೀರಿ. ಕೊನೆಯ ನಿಮಿಷ, ಆರು ಯಾರ್ಡ್ ಬಾಕಿ. ಮೂವರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಮೊಂಟಾನಾ ಹಿಂದಕ್ಕೆ ಸರಿಯುತ್ತಾ ಗೆರೆಯ ಹತ್ತಿರ ಬಂದು ಚೆಂಡು ಎಸೆದರು. ತುಂಬ ಎತ್ತರಕ್ಕೆ ಹೋಯಿತು. ಡ್ವೈಟ್ ಕ್ಲಾರ್ಕ್ ಹಾರಿ ಬೆರಳ ತುದಿಯಲ್ಲಿ ಹಿಡಿದರು. 28–27ರ ಗೆಲುವು. ಇಲ್ಲಿಯವರು ಅದಕ್ಕೆ ಸುಮ್ನೆ ‘ದ ಕ್ಯಾಚ್’ ಅನ್ನುತ್ತಾರೆ, ಬೇರೆ ಹೆಸರೇ ಬೇಕಿಲ್ಲ. ಕ್ಲಾರ್ಕ್ ಡ್ರಾಫ್ಟ್‌ನ ಹತ್ತನೇ ಸುತ್ತಿನಲ್ಲಿ ಸಿಕ್ಕವರು. 2018ರಲ್ಲಿ ಎಎಲ್ಎಸ್ ಎಂಬ ನರಗಳ ಕಾಯಿಲೆಯಿಂದ ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಪಕ್ಕದ ಮನೆಯವರು ಅಂಗಳದಲ್ಲಿ ಒಬ್ಬರೇ ತುಂಬ ಹೊತ್ತು ಕೂತಿದ್ದರು.

ಮೊಂಟಾನಾ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದರು. ಆ ನಾಲ್ಕು ಪಂದ್ಯಗಳಲ್ಲಿ 122 ಎಸೆತ, 11 ಟಚ್‌ಡೌನ್, ಎದುರಾಳಿಯ ಕೈಗೆ ಹೋದ ಚೆಂಡು ಒಂದೂ ಇಲ್ಲ. ಒಂದೂ ಇಲ್ಲ! ದೇಶವೆಲ್ಲ ನೋಡುವ ಪಂದ್ಯದಲ್ಲಿ ಕೈ ನಡುಗದ ಮನುಷ್ಯ. 1989ರ ಜನವರಿಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧದ ಸೂಪರ್ ಬೌಲ್ ನೋಡಿ. ಮೂರು ಅಂಕ ಹಿಂದೆ, ಮೂರು ನಿಮಿಷ ಚಿಲ್ಲರೆ ಉಳಿದಿದೆ, ಸಾಗಬೇಕಾದದ್ದು 92 ಯಾರ್ಡ್. ಉಳಿದವರ ಎದೆ ಡವಗುಟ್ಟುತ್ತಿದೆ. ಮೊಂಟಾನಾ ಪ್ರೇಕ್ಷಕರ ಕಡೆ ನೋಡಿ, ಅಲ್ಲಿ ನಿಂತಿರುವುದು ಸಿನಿಮಾ ನಟ ಜಾನ್ ಕ್ಯಾಂಡಿ ಅಲ್ವಾ ಅಂತ ಜೊತೆ ಆಟಗಾರ ಹ್ಯಾರಿಸ್ ಬಾರ್ಟನ್‌ಗೆ ತೋರಿಸಿದರು. ಆಮೇಲೆ ಹೋಗಿ 34 ಸೆಕೆಂಡ್ ಉಳಿದಿರುವಾಗ ಜಾನ್ ಟೇಲರ್‌ಗೆ ಟಚ್‌ಡೌನ್ ಎಸೆದರು.

ಹಾಗಾದರೆ ಯಾಕೆ ಮೊಂಟಾನಾ ಅಲ್ಲ? ಅದೇ ಪಂದ್ಯದಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಸಿಕ್ಕಿದ್ದು ರೈಸ್‌ಗೆ. 11 ಕ್ಯಾಚ್, 215 ಯಾರ್ಡ್. ಆ ಕೊನೆಯ 92 ಯಾರ್ಡ್‌ಗಳಲ್ಲಿ ಇಪ್ಪತ್ತು ಯಾರ್ಡ್ ಬೇಕಾಗಿದ್ದ ಕಷ್ಟದ ಹೊತ್ತಿನಲ್ಲಿ 27 ಯಾರ್ಡ್ ತಂದುಕೊಟ್ಟವರೂ ಅವರೇ. ಇನ್ನೊಂದು, ಮೊಂಟಾನಾ ಇದ್ದುದರಿಂದಲೇ ರೈಸ್ ಅನ್ನುವ ಮಾತು ನಿಲ್ಲುವುದಿಲ್ಲ. ಮೊಂಟಾನಾ ಎಸೆದು ರೈಸ್ ಹಿಡಿದ ಟಚ್‌ಡೌನ್ 55. ಆಮೇಲೆ ಬಂದ ಸ್ಟೀವ್ ಯಂಗ್ ಎಸೆದದ್ದು 85. ಎಸೆಯುವ ಕೈ ಬಲದಿಂದ ಎಡಕ್ಕೆ ಬದಲಾಯಿತು, ಚೆಂಡು ತಿರುಗುವ ದಿಕ್ಕೇ ಬದಲಾಯಿತು, ಹಿಡಿಯುವವರು ಮಾತ್ರ ಬದಲಾಗಲಿಲ್ಲ. ಕೊನೆಗೆ 40ನೇ ವಯಸ್ಸಿನಲ್ಲಿ, ಓಕ್ಲೆಂಡ್ ರೈಡರ್ಸ್ ಪರ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೊತೆಯಲ್ಲೂ ಸಾವಿರ ಯಾರ್ಡ್ ದಾಟಿದರು. ರೈಸ್ ಬರುವ ಮೊದಲಿನ ಎರಡು ಕಪ್‌ಗಳ ಬಗ್ಗೆ ಪಕ್ಕದ ಮನೆಯವರಿಗೆ ನಾನು ಇವತ್ತಿಗೂ ಪೂರ್ತಿ ಉತ್ತರ ಕೊಟ್ಟಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಸ್ಟೀವ್ ಯಂಗ್ ಹೆಸರು ಬಂತಲ್ಲ, ಅವರಿಗೆ ಅನ್ಯಾಯ ಆಗಬಾರದು. 1987ರಲ್ಲಿ ಬಂದು ನಾಲ್ಕು ವರ್ಷ ಮೊಂಟಾನಾ ಹಿಂದೆ ಕಾದು ಕೂತರು. ಅವಕಾಶ ಸಿಕ್ಕ ಮೇಲೂ ಜನ ಪ್ರತಿ ವಾರ ಹೋಲಿಸುತ್ತಿದ್ದರು. 1995ರ ಜನವರಿಯಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ವಿರುದ್ಧ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಎಸೆದರು. ಅದರಲ್ಲಿ ಮೂರು ರೈಸ್‌ಗೆ. ಆವತ್ತು ಆ ಹೋಲಿಕೆಯ ಭಾರ ಇಳಿಯಿತು. ತಂಡ ಕೊನೆಯ ಸಲ ಸೂಪರ್ ಬೌಲ್ ಗೆದ್ದದ್ದೂ ಆವತ್ತೇ.

ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನಲ್ಲಿ ನನಗೆ ಒಬ್ಬರೇ: ರಾನಿ ಲಾಟ್. ಚೆಂಡು ಹಿಡಿಯಲು ಬಂದವನು ಎರಡು ಸಲ ಯೋಚಿಸುವ ಹಾಗೆ ಬಂದು ಅಪ್ಪಳಿಸುತ್ತಿದ್ದರು. ಅವರ ಕಿರುಬೆರಳಿನ ಕಥೆಯನ್ನು ಜನ ತಪ್ಪಾಗಿ ಹೇಳುತ್ತಾರೆ, ಪಂದ್ಯದ ಮಧ್ಯೆಯೇ ಕತ್ತರಿಸಿಕೊಂಡು ಬಂದು ಆಡಿದರು ಅಂತ. ಹಾಗಲ್ಲ. 1985ರ ಸೀಸನ್ ಕೊನೆಯಲ್ಲಿ ಬೆರಳು ಜಜ್ಜಿಹೋಯಿತು. ಪಟ್ಟಿ ಕಟ್ಟಿಕೊಂಡು ಮುಂದಿನ ಪಂದ್ಯ ಆಡಿದರು. ಸೀಸನ್ ಮುಗಿದ ಮೇಲೆ ಸರಿಪಡಿಸುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ವಾಸಿಯಾಗಲು ಜಾಸ್ತಿ ಸಮಯ ಬೇಕು ಅಂತ ತುದಿಯನ್ನೇ ತೆಗೆಸಿಬಿಟ್ಟರು. 1981ರಲ್ಲಿ ಬಂದ ವರ್ಷವೇ ಏಳು ಚೆಂಡು ಕಸಿದು ಮೂರನ್ನು ಟಚ್‌ಡೌನ್ ಮಾಡಿದವರು. ವಾಲ್ಷ್ ತಂಡ ಎಂದರೆ ಬರೀ ಎಸೆತ ಅಂದುಕೊಳ್ಳುವವರು ಲಾಟ್ ಆಟ ನೋಡಬೇಕು.

ಹಳೆಯ ಕಾಲದವರಲ್ಲಿ ಜೋ ಪೆರಿ ಹೆಸರು ನೆನಪಿಡಿ. ತಂಡ ಹುಟ್ಟಿದ್ದು 1946, ಎನ್‌ಎಫ್‌ಎಲ್ ಎಂಬ ಈಗಿನ ಲೀಗ್ ಸೇರಿದ್ದು 1950. ಪೆರಿ 1948ರಲ್ಲಿ ಬಂದರು, ಈ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ. ಎದುರಾಳಿಗಳಿಂದ ಏನೇನೋ ಬೈಗುಳ ಕೇಳಿಕೊಂಡೇ ಆಡಿದರು. 1953 ಮತ್ತು 1954, ಸತತ ಎರಡು ವರ್ಷ ಸಾವಿರ ಯಾರ್ಡ್ ಓಡಿದ ಎನ್‌ಎಫ್‌ಎಲ್‌ನ ಮೊದಲಿಗರು. ಅವರು, ವೈ. ಎ. ಟಿಟಲ್, ಹ್ಯೂ ಮೆಕೆಲ್‌ಹೆನಿ, ಜಾನ್ ಹೆನ್ರಿ ಜಾನ್ಸನ್ ಒಟ್ಟಿಗೆ ಆಡಿದರು, ನಾಲ್ವರೂ ಹಾಲ್ ಆಫ್ ಫೇಮ್ ಸೇರಿದರು. ಕಪ್ ಮಾತ್ರ ಸಿಗಲಿಲ್ಲ.

ನಾನು ಇಲ್ಲಿಗೆ ಬಂದ ಮೇಲೆ ಕಣ್ಣಾರೆ ನೋಡಿದವರಲ್ಲಿ ಪ್ಯಾಟ್ರಿಕ್ ವಿಲಿಸ್ ಮತ್ತು ಫ್ರಾಂಕ್ ಗೋರ್. ವಿಲಿಸ್ ಪಾದದ ನೋವಿನಿಂದ 30ನೇ ವಯಸ್ಸಿಗೇ ಆಟ ಬಿಟ್ಟರು. ಗೋರ್ ಕಾಲೇಜಿನಲ್ಲೇ ಎರಡೂ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದರು, ಆದರೂ ವೃತ್ತಿಜೀವನದಲ್ಲಿ 16,000 ಯಾರ್ಡ್ ಓಡಿದರು. ಫ್ರೆಡ್ ವಾರ್ನರ್, ಜಾರ್ಜ್ ಕಿಟಲ್ ಪೀಳಿಗೆಯವರು ನನಗೆ ತುಂಬ ಇಷ್ಟ. ಆದರೆ 2020 ಮತ್ತು 2024ರ ಸೂಪರ್ ಬೌಲ್ ಎರಡನ್ನೂ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಸೋತ ನೋವು ಇನ್ನೂ ಹಸಿಯಾಗಿದೆ. ಅವರನ್ನು ಮೇಲಿನವರ ಪಕ್ಕ ಕೂರಿಸಲು ನನಗೆ ಇನ್ನೂ ಮನಸ್ಸು ಬರುತ್ತಿಲ್ಲ.

ನೀವು ಎಲ್ಲಿಂದ ನೋಡಲು ಶುರು ಮಾಡಬೇಕು ಅಂತಲೂ ಕೇಳಿದ್ದೀರಿ. 1989ರ ಜನವರಿಯ ಆ ಬೆಂಗಾಲ್ಸ್ ಪಂದ್ಯದ ಕೊನೆಯ ಮೂರು ನಿಮಿಷ ಮೊದಲು ನೋಡಿ. ಒಂದು ಸಲ ಮೊಂಟಾನಾ ಮೇಲೆ ಕಣ್ಣಿಟ್ಟು, ಇನ್ನೊಂದು ಸಲ ಚೆಂಡು ಬಿಟ್ಟು ರೈಸ್ ಅವರ 80ನೇ ನಂಬರಿನ ಅಂಗಿ ಮೇಲೆ ಮಾತ್ರ ಕಣ್ಣಿಟ್ಟು. ಆಮೇಲೆ ಒಂದು ಶನಿವಾರ ಎಜ್‌ವುಡ್‌ಗೆ ಹೋಗಿ ಬನ್ನಿ, 280 ಹೆದ್ದಾರಿಯಲ್ಲಿ ಉತ್ತರಕ್ಕೆ. ವಸಂತದಲ್ಲಾದರೆ ಮೇಲೆ ಹುಲ್ಲುಗಾವಲು ತುಂಬ ಕಾಡುಹೂವು ಇರುತ್ತದೆ. ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇಟ್ಟುಕೊಳ್ಳಿ.