ಕಥೆ ಹೇಳಿದ್ದೀರಿ, ವಿಶ್ಲೇಷಣೆ ಇಲ್ಲ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಒಂದು ವಿಷಯವಾಗಿ ಓದುತ್ತಿದ್ದೇನೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಮಗೆ ಪಠ್ಯ. ಸಾರಾಂಶವನ್ನೂ ಪಾತ್ರಪರಿಚಯವನ್ನೂ ಗೈಡ್ ನೋಡಿ ಬಾಯಿಪಾಠ ಮಾಡಿದ್ದೇನೆ. ಆದರೂ ‘ಕಥೆ ಹೇಳಿದ್ದೀರಿ, ವಿಶ್ಲೇಷಣೆ ಇಲ್ಲ’ ಎಂದು ಬರೆದು ಅಂಕ ಕಳೆಯುತ್ತಾರೆ. ವಿಶ್ಲೇಷಣೆ ಎಂದರೆ ಏನು ಬರೆಯಬೇಕು?

ಉತ್ತರ: ಏನು ನಡೆಯಿತು ಎಂಬುದನ್ನು ನಿಮ್ಮ ಪರೀಕ್ಷಕರು ಬಲ್ಲರು. ನಾಟಕಕಾರ ಅದನ್ನು ಹೀಗೆಯೇ ಏಕೆ ನಡೆಸಿದ ಎಂಬುದಕ್ಕೆ ನಿಮ್ಮ ವಿವರಣೆಯನ್ನು ಅವರು ಕೇಳುತ್ತಿದ್ದಾರೆ. ನಾಟಕದ ಎರಡನೆಯ ಅಂಕವನ್ನೇ ನೋಡಿ. ‘ಮ್ಯಾಕ್‌ಬೆತ್ ದೊರೆ ಡಂಕನ್‌ನನ್ನು ಕೊಂದ’ ಎಂದು ಬರೆದರೆ ಅದು ಕಥೆ. ಆದರೆ ಆ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ. ಕೊಲೆಗೆ ಮುಂಚಿನ ತಳಮಳವನ್ನು, ಆಮೇಲೆ ರಕ್ತ ಮೆತ್ತಿದ ಕೈಗಳನ್ನು, ಸಣ್ಣ ಸದ್ದಿಗೂ ಬೆಚ್ಚುವ ಗಂಡಹೆಂಡಿರನ್ನು, ಬಾಗಿಲು ಬಡಿಯುವ ಶಬ್ದವನ್ನು ಮಾತ್ರ ನಾವು ಕಾಣುತ್ತೇವೆ, ಕೇಳುತ್ತೇವೆ. ಕೃತ್ಯವನ್ನು ಮರೆಮಾಡಿದ್ದರಿಂದ ಪ್ರೇಕ್ಷಕರ ಗಮನವೆಲ್ಲ ಕೊಂದವನ ಮನಸ್ಸಿನ ಮೇಲೆ ನಿಲ್ಲುತ್ತದೆ ಎಂದು ನೀವು ಬರೆದರೆ, ಅಲ್ಲಿಂದ ವಿಶ್ಲೇಷಣೆ ಆರಂಭವಾಗುತ್ತದೆ.

ಮುಂದಿನ ಹೆಜ್ಜೆ, ದೂರದ ಎರಡು ಸ್ಥಳಗಳನ್ನು ಜೋಡಿಸುವುದು. ಸ್ವಲ್ಪ ನೀರು ಸಾಕು, ಈ ಕೃತ್ಯ ತೊಳೆದುಹೋಗುತ್ತದೆ ಎಂದು ಎರಡನೆಯ ಅಂಕದಲ್ಲಿ ಧೈರ್ಯ ಹೇಳಿದ ಲೇಡಿ ಮ್ಯಾಕ್‌ಬೆತ್, ಐದನೆಯ ಅಂಕದಲ್ಲಿ ನಿದ್ದೆಯಲ್ಲೇ ನಡೆದಾಡುತ್ತ, ಇಲ್ಲದ ಕಲೆಯನ್ನು ಕೈಯಿಂದ ಉಜ್ಜುತ್ತಾಳೆ. ಅವಳ ಮಾತಿನ ರೂಪವೂ ಬದಲಾಗಿರುವುದನ್ನು ಗಮನಿಸಿ: ಮೊದಲು ಲಯಬದ್ಧ ಪದ್ಯದಲ್ಲಿ ಮಾತಾಡುತ್ತಿದ್ದವಳು ಇಲ್ಲಿ ಬಿಡಿಬಿಡಿ ಗದ್ಯಕ್ಕೆ ಇಳಿದಿದ್ದಾಳೆ. ಮನಸ್ಸಿನ ಹಿಡಿತ ತಪ್ಪಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಯಾವ ಪಾತ್ರಪರಿಚಯವೂ ನಿಮಗೆ ಕೊಡಲಾರದು. ನನ್ನ ಮಟ್ಟಿಗೆ ಇಡೀ ನಾಟಕದಲ್ಲಿ ವಿದ್ಯಾರ್ಥಿಯೊಬ್ಬರು ಅತ್ಯಂತ ನಿಧಾನವಾಗಿ ಓದಬೇಕಾದ ದೃಶ್ಯ ಇದು.

ಚಾರಿತ್ರಿಕ ಹಿನ್ನೆಲೆಯನ್ನು ಮಿತವಾಗಿ ಬಳಸಿರಿ. ಸ್ಕಾಟ್ಲೆಂಡಿನ ದೊರೆ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. 1605ರಲ್ಲಿ ಅವನನ್ನು ಪಾರ್ಲಿಮೆಂಟಿನೊಂದಿಗೆ ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತು. ಅದರ ಬೆನ್ನಿಗೇ, 1606ರ ಸುಮಾರಿಗೆ ರಚಿತವಾಯಿತೆನ್ನಲಾದ ಈ ನಾಟಕದಲ್ಲಿ ದೊರೆಯ ಕೊಲೆ ಅಂದಿನ ಪ್ರೇಕ್ಷಕರಿಗೆ ಎಷ್ಟು ಭೀಕರವಾಗಿ ತೋರಿರಬಹುದು ಎಂಬುದನ್ನು ಹೇಳಲು ಈ ಸಂಗತಿ ನೆರವಾಗುತ್ತದೆ. ಆದರೆ ಷೇಕ್ಸ್‌ಪಿಯರನ ಜೀವನಚರಿತ್ರೆಯಿಂದ ಉತ್ತರ ಆರಂಭಿಸುವುದು ಬೇಡವೇ ಬೇಡ.

ಗೈಡನ್ನು ಎಸೆಯಬೇಕೆಂದು ಹೇಳುತ್ತಿಲ್ಲ. ಮೂಲವನ್ನು ಎರಡು ಸಲ ಓದಿ, ನಿಮಗೆ ವಿಚಿತ್ರವೆನಿಸಿದ ಸಾಲುಗಳಿಗೆ ಗುರುತು ಹಾಕಿಕೊಂಡ ಮೇಲೆ ಅದನ್ನು ತೆರೆಯಿರಿ. ಪರೀಕ್ಷೆಗೆ ಉದ್ದುದ್ದ ಭಾಷಣಗಳು ಕಂಠಸ್ಥವಾಗಿರಬೇಕಿಲ್ಲ. ಮೂರು ನಾಲ್ಕು ಪದಗಳ ಉದ್ಧರಣೆಯನ್ನು ನಿಮ್ಮ ವಾಕ್ಯದೊಳಗೇ ಸೇರಿಸಿ, ಆ ಪದವೇ ಏಕೆ ಎಂದು ವಿವರಿಸುವುದು ಹೆಚ್ಚು ಬೆಲೆಯುಳ್ಳದ್ದು.

ಪ್ರಶ್ನೆ: ಹಳೆಯ ಇಂಗ್ಲಿಷ್ ಕಷ್ಟವಾಗುತ್ತದೆ. ನಾಟಕ ಓದುವ ಬದಲು ಚಲನಚಿತ್ರ ನೋಡಿದರೆ ಸಾಲದೆ?

ಉತ್ತರ: ಬದಲಿಗೆ ಬೇಡ, ಜೊತೆಗೆ ಖಂಡಿತ ನೋಡಿ. ಓದುವಾಗ ಗಟ್ಟಿಯಾಗಿ ಓದಿರಿ. ಸಾಲು ಮುಗಿದಲ್ಲಿ ನಿಲ್ಲದೆ ವಿರಾಮಚಿಹ್ನೆ ಇರುವಲ್ಲಿ ಮಾತ್ರ ನಿಲ್ಲಿಸಿದರೆ ಅರ್ಧದಷ್ಟು ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಚಲನಚಿತ್ರದಲ್ಲಿ ನಿರ್ದೇಶಕರು ಸಾಲುಗಳನ್ನು ಕತ್ತರಿಸಿರುತ್ತಾರೆ, ತಮ್ಮದೇ ಅರ್ಥವನ್ನು ಆರಿಸಿಕೊಂಡಿರುತ್ತಾರೆ. ಔತಣದ ದೃಶ್ಯದಲ್ಲಿ ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ ಎಂಬ ರಂಗಸೂಚನೆ ನಾಟಕದ ಮೊದಲ ಮುದ್ರಣವಾದ 1623ರ ಪ್ರತಿಯಲ್ಲೇ ಇದೆ. ಆದರೂ ಕೆಲವರು ಪ್ರೇತವನ್ನು ತೋರಿಸುತ್ತಾರೆ, ಕೆಲವರು ಆಸನವನ್ನು ಖಾಲಿ ಬಿಡುತ್ತಾರೆ. ನೀವು ನೋಡಿದ ಚಿತ್ರದಲ್ಲಿ ಯಾವುದನ್ನು ಆರಿಸಿದ್ದಾರೆ, ಅದರಿಂದ ಮ್ಯಾಕ್‌ಬೆತ್‌ನ ಭಯ ನಮಗೆ ಹೇಗೆ ಬೇರೆಯಾಗಿ ಕಾಣುತ್ತದೆ ಎಂದು ಒಂದು ಪುಟ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.