ನಾರ್ವೆಯಲ್ಲಿ ಒಬ್ಬರೇ ಸುತ್ತುವುದಾದರೆ ಬರ್ಗೆನ್ ವಾಸಿ

ಜೂನ್ ರಜೆಯಲ್ಲಿ ಒಬ್ಬರೇ ನಾರ್ವೆಗೆ ಹೋಗಿ, ವಿದ್ಯಾರ್ಥಿಯ ಕೈಗೆಟುಕುವ ಖರ್ಚಿನಲ್ಲಿ ನಿಸರ್ಗ ಮತ್ತು ಸಂಗೀತ ಎರಡನ್ನೂ ಅನುಭವಿಸಲು ಓಸ್ಲೋ ಸರಿಯೋ, ಬರ್ಗೆನ್ ಸರಿಯೋ ಎಂದು ತಾವು ಕೇಳಿದ್ದೀರಿ. ನನ್ನ ಮತ ಬರ್ಗೆನ್‌ಗೆ.

ಸಂಯೋಜಕ ಎಡ್ವರ್ಡ್ ಗ್ರೀಗ್ 1885ರಿಂದ ತಮ್ಮ ಬೇಸಿಗೆಗಳನ್ನು ಕಳೆದ ಟ್ರೋಲ್ಡ್‌ಹೌಗೆನ್ ಮನೆ ಆ ನಗರದ ಹೊರವಲಯದಲ್ಲಿದೆ. ಮನೆಯ ಕೆಳಗೆ, ಸರೋವರದ ಅಂಚಿನಲ್ಲಿ, ಅವರು ಸಂಗೀತ ಬರೆಯುತ್ತಿದ್ದ ಒಂದೇ ಕೋಣೆಯ ಮರದ ಗುಡಿಸಲಿದೆ. ಒಳಗೆ ಪಿಯಾನೋ, ಕಿಟಕಿಯ ಬಳಿ ಮೇಜು. ಪಕ್ಕದ ಸಭಾಂಗಣದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಡೆಯುವ ಸುಮಾರು ಅರ್ಧ ಗಂಟೆಯ ಕಛೇರಿಗೆ ತಪ್ಪದೆ ಹೋಗಿ. ವಾದಕರ ಹಿಂದಿನ ಗಾಜಿನಾಚೆ ಅದೇ ಗುಡಿಸಲು, ಅದೇ ನೀರು ಕಾಣುತ್ತವೆ. ನಾರ್ವೆಯ ಜಾನಪದ ವಾದ್ಯವಾದ ಹಾರ್ಡಾಂಗರ್ ಪಿಟೀಲನ್ನು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ನುಡಿಸುವ ನಾಲ್ಕು ತಂತಿಗಳ ಕೆಳಗೆ ತಾವಾಗಿಯೇ ಅನುರಣಿಸುವ ನಾಲ್ಕೈದು ತಂತಿಗಳು ಅದಕ್ಕಿರುವುದರಿಂದ, ಸಿತಾರಿನಲ್ಲಿ ಹೀಗೆಯೇ ಅನುರಣಿಸುವ ತರಬ್ ತಂತಿಗಳನ್ನು ಕೇಳಿದ ಕಿವಿಗೆ ಆ ನಾದ ತೀರಾ ಅಪರಿಚಿತವೆನಿಸದು.

ವಸತಿ ದುಬಾರಿ; ಆದರೆ 1957ರ ಹೊರಾಂಗಣ ಕಾಯಿದೆಯ ಪ್ರಕಾರ, ಬೇಸಾಯವಿಲ್ಲದ ಬಯಲಿನಲ್ಲಿ, ಜನವಸತಿಯ ಮನೆಗಳಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಎರಡು ರಾತ್ರಿಯವರೆಗೆ ಅನುಮತಿ ಕೇಳದೆಯೇ ಡೇರೆ ಹಾಕಬಹುದು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಚ್ಚುವುದಕ್ಕೆ ಮಾತ್ರ ಸಾಮಾನ್ಯವಾಗಿ ನಿಷೇಧವಿದೆ. ಬರ್ಗೆನ್ ಮಳೆಯ ಊರು (ಆಗುಂಬೆಯವರಿಗೆ ಹೊಸದೇನಲ್ಲ), ಆದ್ದರಿಂದ ಕೊಡೆಗಿಂತ ಒಳ್ಳೆಯ ರೇನ್‌ಕೋಟ್ ಮೇಲು. ನಗರದ 643 ಮೀಟರ್ ಎತ್ತರದ ಉಲ್ರಿಕೆನ್ ಬೆಟ್ಟದಿಂದ ಫ್ಲೋಯೆನ್ ಬೆಟ್ಟಕ್ಕೆ ಮೇಲಿನಿಂದಲೇ ನಡೆಯುವ ಹಾದಿ ಸೊಗಸಾಗಿದೆ. ಒಬ್ಬರೇ ಇರುವುದರಿಂದ, ಮಂಜು ಕವಿದ ದಿನ ಅದನ್ನು ಕೈಬಿಟ್ಟು ಆ ಮಧ್ಯಾಹ್ನವನ್ನು ಕಛೇರಿಗೆ ಮೀಸಲಿಡಿ.