ಓದುಗರ ಪ್ರಶ್ನೆ: ಇಂಗ್ಲೆಂಡೋ, ಬ್ರಿಟನ್ನೋ, ಯುಕೆಯೋ?

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದಾಳೆ. ನೆಂಟರ ಹತ್ತಿರ ‘ಇಂಗ್ಲೆಂಡಿನಲ್ಲಿದ್ದಾಳೆ’ ಅಂದೆ. ವಿಡಿಯೊ ಕಾಲ್‌ನಲ್ಲೇ ಇದ್ದವಳು ‘ಅಪ್ಪಾ, ಇದು ಇಂಗ್ಲೆಂಡ್ ಅಲ್ಲ’ ಅಂದಳು. ಎಲ್ಲ ಒಂದೇ ಅಲ್ವಾ? (ಹಾವೇರಿಯ ಓದುಗರು)

ಒಂದೇ ಅಲ್ಲ, ಮಗಳು ಹೇಳಿದ್ದೇ ಸರಿ. ಎಡಿನ್‌ಬರೋ ಸ್ಕಾಟ್‌ಲೆಂಡಿನ ರಾಜಧಾನಿ. ಅಲ್ಲಿನವರನ್ನು ಇಂಗ್ಲೆಂಡಿನವರು ಅನ್ನೋದು, ಮಂಗಳೂರಿನವರನ್ನು ‘ನೀವು ಕೇರಳದವರಾ?’ ಅಂತ ಕೇಳಿದ ಹಾಗೆ. ನಕ್ಕು ಸುಮ್ಮನಾಗಬಹುದು, ಆದರೆ ನೆನಪಿಟ್ಟುಕೊಳ್ಳುತ್ತಾರೆ.

ಗ್ರೇಟ್ ಬ್ರಿಟನ್ ಅನ್ನೋದು ಒಂದು ದೊಡ್ಡ ದ್ವೀಪದ ಹೆಸರು. ಅದರ ಮೇಲೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಮೂರೂ ಇವೆ. ಪಕ್ಕದ ಐರ್ಲೆಂಡ್ ದ್ವೀಪದ ಉತ್ತರದ ಮೂಲೆಯನ್ನೂ ಸೇರಿಸಿದರೆ ಯುಕೆ. ಉಳಿದ ಐರ್ಲೆಂಡ್ ಬೇರೆಯೇ ದೇಶ, ಅಲ್ಲಿ ನಡೆಯೋದು ಪೌಂಡ್ ಅಲ್ಲ, ಯೂರೊ. ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿಗೆ 1603ರಲ್ಲಿ ಒಬ್ಬನೇ ರಾಜ ಬಂದ, ಆದರೂ ಇನ್ನೂ ನೂರು ವರ್ಷ ಎರಡು ಪಾರ್ಲಿಮೆಂಟು ಬೇರೆ ಬೇರೆಯೇ ಇದ್ದವು. ಅವು ಒಂದಾಗಿದ್ದು 1707ರಲ್ಲಿ. ಐರ್ಲೆಂಡ್ ಸೇರಿದ್ದು 1801ರಲ್ಲಿ, ಅದರ ಬಹುಪಾಲು ಬಿಟ್ಟು ಹೋಗಿದ್ದು 1922ರಲ್ಲಿ.

ಆಟಕ್ಕೆ ಬಂದರೆ ತಲೆ ಇನ್ನೂ ಕೆಡುತ್ತದೆ. ಫುಟ್‌ಬಾಲ್‌ನಲ್ಲಿ ನಾಲ್ಕು ತಂಡ, ಒಲಿಂಪಿಕ್ಸ್‌ನಲ್ಲಿ ಒಂದೇ. ಕ್ರಿಕೆಟ್ ತಂಡದ ಹೆಸರು ಬರೀ ಇಂಗ್ಲೆಂಡ್, ಆದರೆ ಅದನ್ನು ನಡೆಸುವ ಮಂಡಳಿಯ ಹೆಸರಿನಲ್ಲಿ ವೇಲ್ಸ್ ಕೂಡ ಇದೆ. 2019ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ನಾಯಕ ಐಯಾನ್ ಮಾರ್ಗನ್ ಹುಟ್ಟಿದ್ದು ಡಬ್ಲಿನ್‌ನಲ್ಲಿ! ಮೊದಲು ಐರ್ಲೆಂಡ್ ಪರ ಆಡುತ್ತಿದ್ದವರು. ಇನ್ನು ಯುಕೆ ಬಾವುಟದಲ್ಲಿ ವೇಲ್ಸ್ ಗುರುತೇ ಇಲ್ಲ. 1606ರಲ್ಲಿ ಬಾವುಟದ ಮೊದಲ ರೂಪ ಮಾಡುವ ಹೊತ್ತಿಗೆ ಕಾನೂನಿನ ಪ್ರಕಾರ ವೇಲ್ಸ್ ಇಂಗ್ಲೆಂಡಿನೊಳಗೆ ಸೇರಿಹೋಗಿತ್ತು, ಹಾಗಾಗಿ ಯಾರೂ ಅದನ್ನು ಬೇರೆಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಪ್ರಶ್ನೆ: ನಾನು ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ನಮ್ಮ ಆರ್ಥಿಕ ವರ್ಷ ಶುರುವಾಗೋದು ಏಪ್ರಿಲ್ 1ಕ್ಕೆ. ಬ್ರಿಟನ್ನಿನಲ್ಲಿ ಜನ ತೆರಿಗೆ ಕಟ್ಟುವ ವರ್ಷ ಏಪ್ರಿಲ್ 6ಕ್ಕಂತೆ. ಯಾಕೆ ಈ ಆರು? (ಚಿತ್ರದುರ್ಗದ ಓದುಗರು)

ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಹಳೇ ಇಂಗ್ಲೆಂಡಿನಲ್ಲಿ ಹೊಸ ವರ್ಷ ಜನವರಿಗಲ್ಲ, ಮಾರ್ಚ್ 25ಕ್ಕೆ. ಬಾಡಿಗೆ, ಗೇಣಿ, ಸಾಲ ಎಲ್ಲದರ ಲೆಕ್ಕ ಚುಕ್ತಾ ಆಗುತ್ತಿದ್ದುದೂ ಅವತ್ತೇ. ಈ ನಡುವೆ 1582ರಲ್ಲಿ ಪೋಪ್ ಗ್ರೆಗೊರಿ ಕ್ಯಾಲೆಂಡರ್ ತಿದ್ದಿದ್ದರು. ಪೋಪ್ ಮಾತು ನಾವ್ಯಾಕೆ ಕೇಳಬೇಕು ಅಂತ ಪ್ರಾಟೆಸ್ಟೆಂಟ್ ಇಂಗ್ಲೆಂಡ್ 170 ವರ್ಷ ಹಟ ಹಿಡಿದು ಕೂತಿತು. ಕೊನೆಗೆ ಒಪ್ಪಿಕೊಂಡಾಗ ಅವರ ತಾರೀಖು ಹನ್ನೊಂದು ದಿನ ಹಿಂದೆ ಬಿದ್ದಿತ್ತು. ಸರಿ, 1752ರ ಸೆಪ್ಟೆಂಬರ್ 2, ಬುಧವಾರ ರಾತ್ರಿ ಜನ ಮಲಗಿದರು. ಬೆಳಗ್ಗೆ ಎದ್ದರೆ ಗುರುವಾರ, ತಾರೀಖು 14! ನಮ್ಮ ಪಂಚಾಂಗದಲ್ಲಿ ಒಂದು ತಿಥಿ ಕ್ಷಯವಾದರೇ ಶ್ರಾದ್ಧ ಯಾವತ್ತು ಮಾಡೋದು ಅಂತ ಮನೆಯಲ್ಲಿ ಚರ್ಚೆ ಆಗುತ್ತದೆ, ಅಲ್ಲಿ ಹನ್ನೊಂದು ದಿನ ಒಟ್ಟಿಗೆ ಹೋಯಿತು.

ಆದರೆ ತೆರಿಗೆಗೆ ಪೂರ್ತಿ ವರ್ಷ ಬೇಕಲ್ಲ. ಮಾರ್ಚ್ 25ಕ್ಕೆ ಹನ್ನೊಂದು ಕೂಡಿಸಿದರೆ ಏಪ್ರಿಲ್ 5. ಐದು ಆರಾದದ್ದಕ್ಕೆ ಎರಡು ವಿವರಣೆ ಇವೆ. ಹಳೇ ಕ್ಯಾಲೆಂಡರಿನ ಪ್ರಕಾರ 1800 ಅಧಿಕ ವರ್ಷ, ಹೊಸದರಲ್ಲಿ ಅಲ್ಲ, ಅದಕ್ಕೇ ಇನ್ನೊಂದು ದಿನ ಮುಂದೆ ಹೋಯಿತು ಅನ್ನೋದು ಒಂದು. ಮಾರ್ಚ್ 25 ಅನ್ನೇ ಲೆಕ್ಕದ ವರ್ಷದ ಕೊನೆಯ ದಿನ ಅಂತ ಹಿಡಿಯುತ್ತಿದ್ದರು, ಆದ್ದರಿಂದ ಹೊಸ ಲೆಕ್ಕ ಮಾರನೇ ದಿನ ಶುರು ಅನ್ನೋದು ಇನ್ನೊಂದು. ನನಗೆ ಎರಡನೆಯದೇ ಜಾಸ್ತಿ ಒಪ್ಪಿಗೆ. ಲೆಕ್ಕ ಬರೆಯುವ ನೀವೇ ಹೇಳಿ.

‘ನಮ್ಮ ಹನ್ನೊಂದು ದಿನ ವಾಪಸ್ ಕೊಡಿ’ ಅಂತ ಜನ ದಂಗೆ ಎದ್ದರು ಅಂತಲೂ ಓದಿರುತ್ತೀರಿ. ಅಂಥ ದಂಗೆ ಆಗಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಚಿತ್ರಕಾರ ಹೊಗಾರ್ತ್ ಚುನಾವಣೆಯನ್ನು ಲೇವಡಿ ಮಾಡಿ ಬರೆದ ಚಿತ್ರದ ಒಂದು ಮೂಲೆಯಲ್ಲಿ ಆ ಘೋಷಣೆಯ ಫಲಕ ಬಿದ್ದಿದೆ. ಕತೆ ಹಬ್ಬಿದ್ದು ಬಹುಶಃ ಅಲ್ಲಿಂದ.

ಪ್ರಶ್ನೆ: ಬ್ರಿಟನ್ನಿನ ಅತಿ ಎತ್ತರದ ಶಿಖರ ಯಾವುದು? (ಚಿಕ್ಕಮಗಳೂರಿನ ಓದುಗರು)

ಸ್ಕಾಟ್‌ಲೆಂಡಿನ ಬೆನ್ ನೆವಿಸ್, 1,345 ಮೀಟರ್. ನಿಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮೇಲಿದೆ. ಆದರೆ ಬೀಗಬೇಡಿ. ಬೆನ್ ನೆವಿಸ್ ಹತ್ತೋದು ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದ, ಕಾಲಲ್ಲೇ.

ಪ್ರಶ್ನೆ: ಮೊದಲ ಸಲ ಲಂಡನ್ ನೋಡಲು ಹೊರಟಿದ್ದೇವೆ. ಬಿಗ್ ಬೆನ್ ಬಿಟ್ಟು ಕನ್ನಡದವರು ನೋಡುವಂಥದ್ದು ಏನಿದೆ? (ಬೆಂಗಳೂರಿನ ಓದುಗರು)

ಬಿಗ್ ಬೆನ್ ನಿಮಗೆ ಕೇಳಿಸುತ್ತದೆ, ಕಾಣಿಸೋದಿಲ್ಲ! ಯಾಕಂದರೆ ಅದು ಒಳಗಿನ ಗಂಟೆಯ ಹೆಸರು, ತೂಕ 13 ಟನ್ನಿಗೂ ಜಾಸ್ತಿ. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅಂತ ಹೆಸರು. 1859ರಲ್ಲಿ ಗಂಟೆ ಬಿರುಕು ಬಿಟ್ಟಿತು. ಹೊಸದು ಎರಕ ಹೊಯ್ಯಲಿಲ್ಲ, ಅದನ್ನೇ ಸ್ವಲ್ಪ ತಿರುಗಿಸಿ, ಹಗುರ ಸುತ್ತಿಗೆ ಹಾಕಿದರು. ಇವತ್ತಿಗೂ ಹೊಡೆಯೋದು ಆ ಬಿರುಕು ಗಂಟೆಯೇ. ಗಡಿಯಾರ ಸರಿಮಾಡುವ ರೀತಿ ಇನ್ನೂ ಚೆಂದ: ಲೋಲಕದ ಮೇಲೆ ಹಳೇ ಪೆನ್ನಿ ನಾಣ್ಯ ಇಡುತ್ತಾರೆ. ಒಂದು ನಾಣ್ಯ ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡ್ ಮುಂದೆ ಓಡುತ್ತದೆ, ತೆಗೆದರೆ ಅಷ್ಟೇ ಹಿಂದೆ.

ಅಲ್ಲಿಂದ ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆದುಹೋಗಿ. ನದಿ ದಡದಲ್ಲಿ ಬಸವಣ್ಣನವರ ಪುತ್ಥಳಿ ಇದೆ, 2015ರ ನವೆಂಬರಿನಲ್ಲಿ ಅನಾವರಣ ಆದದ್ದು. ಆಮೇಲೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ ಇರೋದು ಅಲ್ಲೇ, ಪ್ರವೇಶಕ್ಕೆ ದುಡ್ಡಿಲ್ಲ. ಬಿಳಿಯನೊಬ್ಬ ಅಂಗಾತ ಬಿದ್ದಿದ್ದಾನೆ, ಮರದ ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತೊಯ್ದದ್ದು. ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಅವನು ಕೈ ಎತ್ತಿ ನರಳುತ್ತಾನೆ. ಮೊದಲು ಇದನ್ನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಇಟ್ಟಿದ್ದಾಗ, ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತ ಕೂತವರಿಗೆ ಸಾಕುಸಾಕಾಗಿತ್ತು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಮುಟ್ಟೋಕೆ ಬಿಡೋದಿಲ್ಲ.